ಕಿವಿ ಜಾತ್ರೆಗೆ ಹೋಗಿ ಬಂದದ್ದು

ಎಕ್ಸ್‌ಚೇಂಜ್ ಸೆಮಿಸ್ಟರ್‌ಗೆ ಅಂತ ಸಿಂಗಾಪುರದಲ್ಲಿದ್ದಾಗ, ಅಲ್ಲೇ ಚಿಪ್ ಡಿಸೈನ್ ಕೆಲಸದಲ್ಲಿರೋ ನಮ್ಮ ಕಾಲೇಜಿನ ಸೀನಿಯರ್ ಒಬ್ಬರು ಒಂದು ಶುಕ್ರವಾರ ರಾತ್ರಿ ಫೋನ್ ಮಾಡಿ, "ನಾಳೆ ಏನಾದ್ರೂ ಕೆಲ್ಸ ಇದ್ಯೇನೋ? ಕ್ಯಾನ್‌ಜ್ಯಾಮ್‌ಗೆ ಹೋಗೋಣ ಬಾ" ಅಂದ್ರು. ಬ್ರೆಡ್ಡಿಗೆ ಹಚ್ಚೋ ಜ್ಯಾಮಿಗೂ ಒಂದು ಮೇಳ ಮಾಡ್ತಾರಲ್ಲ ಇವ್ರು ಅಂದ್ಕೊಂಡೆ. ಆಮೇಲೆ ತಿಳೀತು, ಇಂಗ್ಲಿಷ್ ಆಡುಮಾತಿನಲ್ಲಿ ಹೆಡ್‌ಫೋನಿಗೆ 'ಕ್ಯಾನ್ಸ್' ಅಂತಾರೆ. ಕಿವಿಗೆ ಎರಡು ಡಬ್ಬ ಕಟ್ಟಿಕೊಂಡ ಹಾಗೆ ಕಾಣುತ್ತಲ್ಲ, ಅದಕ್ಕೆ. 2001ರಲ್ಲಿ ಅಮೆರಿಕದ ಜೂಡ್ ಮನ್ಸಿಲಾ ಶುರು ಮಾಡಿದ ಹೆಡ್-ಫೈ ಅನ್ನೋ ಬಳಗ ನಡೆಸೋ ಮೇಳ ಇದು. ನ್ಯೂಯಾರ್ಕ್, ಲಂಡನ್, ಸಿಂಗಾಪುರ ಹೀಗೆ ದೊಡ್ಡ ದೊಡ್ಡ ಊರುಗಳಲ್ಲಿ ಶನಿವಾರ, ಭಾನುವಾರ ನೋಡಿಕೊಂಡು ಎರಡು ದಿನ ನಡೆಯುತ್ತೆ.

ನನಗೆ ಹೋಗೋಕೆ ಬೇರೆ ಒಂದು ಕಾರಣವೂ ಇತ್ತು. ನಮ್ಮಪ್ಪ ದೊಡ್ಡಬಳ್ಳಾಪುರದಲ್ಲಿ ಇಪ್ಪತ್ತಾರು ವರ್ಷ ಪವರ್‌ಲೂಮ್ ಓಡಿಸಿದವರು. ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿಯೋ ಸದ್ದಿನ ಮಧ್ಯೆ ದಿನಕ್ಕೆ ಹತ್ತು ತಾಸು. ಈಗ ಮನೇಲಿ ಟಿವಿ ಹಾಕಿದ್ರೆ ಬೀದಿ ಕೊನೆಯ ಅಂಗಡಿಯವನಿಗೂ ಕೇಳಿಸಬೇಕು. ಅವರಿಗೆ ದೊರೆಸ್ವಾಮಿ ಅಯ್ಯಂಗಾರರ ವೀಣೆ ಅಂದ್ರೆ ಪ್ರಾಣ. "ಈಚೆಗೆ ವೀಣೆ ಯಾಕೋ ಮಂಕಾಗಿ ಕೇಳ್ತದೆ, ರೇಡಿಯೋ ಸರಿಯಿಲ್ಲ" ಅಂತಿದ್ರು. ಇಂಟರ್ನ್‌ಶಿಪ್ ಸ್ಟೈಪೆಂಡಿನಲ್ಲಿ ಉಳಿಸಿದ 25 ಸಾವಿರ ರೂಪಾಯಿ ನನ್ನ ಹತ್ರ ಇತ್ತು. ಅಷ್ಟರಲ್ಲಿ ಸಿಗೋ ಅತಿ ಒಳ್ಳೆ ಹೆಡ್‌ಫೋನ್ ತಗೊಂಡು ಹೋಗಿ ಅಪ್ಪನ ತಲೆಗೆ ಹಾಕಿಬಿಡೋದು ಅಂತ ಲೆಕ್ಕ.

ಮೇಳ ಇದ್ದದ್ದು ಮರೀನಾ ಸ್ಕ್ವೇರ್ ಪಕ್ಕದ ಪ್ಯಾನ್ ಪೆಸಿಫಿಕ್ ಹೋಟೆಲಿನಲ್ಲಿ. ಪ್ರೊಮೆನೇಡ್ ಸ್ಟೇಷನ್ನಿನಲ್ಲಿ ಇಳಿದು ನಡೆದರೆ ಐದೇ ನಿಮಿಷ. ಟಿಕೆಟ್ ತೋರಿಸಿದರೆ ಕೈಗೆ ಒಂದು ಪಟ್ಟಿ ಸುತ್ತಿ ಒಳಗೆ ಬಿಡ್ತಾರೆ. ಒಳಗೆ ಮದುವೆ ಛತ್ರದಲ್ಲಿ ಊಟದ ಸಾಲು ಹಾಕಿದ ಹಾಗೆ ಮೇಜುಗಳ ಸಾಲು. ಪ್ರತಿ ಮೇಜಿನ ಮೇಲೆ ಹೆಡ್‌ಫೋನು, ಆಂಪ್ಲಿಫೈಯರು, ಹಾವಿನ ಹಾಗೆ ಹೆಣೆದ ವೈರುಗಳು. ಮುಂದೆ ಕೂತ ಜನ ಕಣ್ಣು ಮುಚ್ಚಿ ತಲೆ ಆಡಿಸ್ತಿದ್ದಾರೆ. ಯಾರೂ ಯಾರ ಜೊತೆಗೂ ಮಾತಾಡ್ತಿಲ್ಲ, ಆದರೂ ಹಾಲ್ ತುಂಬ ಗಲಾಟೆ! ಯಾಕಂದ್ರೆ ಕಿವಿ ಮುಚ್ಚಿಕೊಂಡವರಿಗೆ ಮಾರೋರು ಕೂಗಿ ಹೇಳಬೇಕಲ್ಲ. ಫೋನಿನ ಆ್ಯಪ್‌ನಲ್ಲಿ ಅಳೆದು ನೋಡಿದೆ, 74 ಡೆಸಿಬೆಲ್ ಆಸುಪಾಸು. ಫೋನಿನ ಮೈಕು ಲ್ಯಾಬ್ ಮೀಟರ್ ಅಲ್ಲ, ಎರಡು ಮೂರು ಡೆಸಿಬೆಲ್ ಆಚೆ ಈಚೆ ಇರಬಹುದು. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮೊದಲ ಒಂದು ಗಂಟೆ ಸಿಕ್ಕಿದ್ದನ್ನೆಲ್ಲ ತಲೆಗೆ ಏರಿಸಿದೆ. ಆಮೇಲೆ ಸೀನಿಯರ್ ಅಣ್ಣ ಕೈ ಹಿಡಿದು ನಿಲ್ಲಿಸಿ, "ಹೀಗೆ ಕೇಳಿದ್ರೆ ಸಂಜೆಗೆ ತಲೆನೋವು ಬಿಟ್ರೆ ಏನೂ ಸಿಗಲ್ಲ. ಒಳಗೆ ಏನಿದೆ ಅಂತ ತಿಳ್ಕೊಂಡು ಕೇಳು" ಅಂದ್ರು. ಆ ಪಾಠವನ್ನ ಇಲ್ಲಿ ಒಪ್ಪಿಸ್ತೀನಿ.

ನಾವೆಲ್ಲ ಬಳಸೋದು ಡೈನಾಮಿಕ್ ಡ್ರೈವರ್. ಮನೆ ಸ್ಪೀಕರಿನ ಮರಿ ಅಷ್ಟೇ: ಆಯಸ್ಕಾಂತದ ಸಂದಿನಲ್ಲಿ ತಂತಿಯ ಸುರುಳಿ, ಅದಕ್ಕೆ ಅಂಟಿದ ಒಂದು ತೆಳು ಬೋಗುಣಿ. ಕರೆಂಟ್ ಹರಿದಂಗೆ ಸುರುಳಿ ಕುಣಿಯುತ್ತೆ, ಬೋಗುಣಿ ಗಾಳಿಯನ್ನ ತಳ್ಳುತ್ತೆ. 1937ರ ಬೇಯರ್‌ಡೈನಾಮಿಕ್ ಡಿಟಿ 48ರಿಂದ ಹಿಡಿದು ನಿಮ್ಮ ಜೇಬಿನ ಐನೂರು ರೂಪಾಯಿಯ ಇಯರ್‌ಫೋನ್‌ವರೆಗೆ ಇದೇ ತತ್ವ. ಎರಡನೇದು ಪ್ಲೇನಾರ್ ಮ್ಯಾಗ್ನೆಟಿಕ್. ಇಲ್ಲಿ ಸುರುಳಿಯನ್ನ ಬಿಚ್ಚಿ ಪ್ಲಾಸ್ಟಿಕ್ ಹಾಳೆಯ ಮೇಲೆ ಪಿಸಿಬಿ ಟ್ರೇಸ್ ಥರ ಹರಡಿರ್ತಾರೆ, ಹಾಳೆಯ ಪಕ್ಕದಲ್ಲಿ ಆಯಸ್ಕಾಂತದ ಪಟ್ಟಿಗಳು. ತಳ್ಳೋ ಬಲ ಹಾಳೆಯ ಮೇಲೆಲ್ಲ ಹೆಚ್ಚು ಕಮ್ಮಿ ಸಮವಾಗಿ ಬೀಳೋದರಿಂದ ಹಾಳೆ ಡೊಂಕಾಗಿ ಅಲುಗೋದು ಕಮ್ಮಿ. ಆದರೆ ಆಯಸ್ಕಾಂತ ಜಾಸ್ತಿ, ತೂಕವೂ ಜಾಸ್ತಿ. ಅರ್ಧ ಕೆಜಿಗಿಂತ ಹೆಚ್ಚು ತೂಗೋವೂ ಇವೆ, ಹತ್ತು ನಿಮಿಷದಲ್ಲಿ ಕತ್ತು ಹಿಡ್ಕೊಳ್ಳುತ್ತೆ. ಮೂರನೇದು ಎಲೆಕ್ಟ್ರೋಸ್ಟಾಟಿಕ್. ಇದರಲ್ಲಿ ಆಯಸ್ಕಾಂತವೇ ಇಲ್ಲ. ಕೆಲವೇ ಮೈಕ್ರಾನ್ ದಪ್ಪದ ಹಾಳೆಯನ್ನ ಎರಡು ಜಾಲರಿಗಳ ಮಧ್ಯೆ ಬಿಗಿದು, ಹಾಳೆಗೆ ನೂರಾರು ವೋಲ್ಟ್ ಕೊಟ್ಟಿರ್ತಾರೆ. ಜಪಾನಿನ ಸ್ಟ್ಯಾಕ್ಸ್ ಕಂಪನಿಯ ಹೆಡ್‌ಫೋನುಗಳಿಗೆ ಅದು 580 ವೋಲ್ಟ್. ಕಿವಿಯ ಪಕ್ಕದಲ್ಲಿ 580 ವೋಲ್ಟ್ ಅಂದಾಗ ನಾನು ಹೆಡ್‌ಫೋನ್ ಅಲ್ಲೇ ಇಟ್ಟುಬಿಟ್ಟೆ. ಅಣ್ಣ ನಕ್ಕು, "ಕರೆಂಟೇ ಇಲ್ವಲ್ಲೋ, ಹೈ ಇಂಪೀಡೆನ್ಸ್ ಸೋರ್ಸು, ನೀನೆಂಥ ಇಸಿ ಸ್ಟೂಡೆಂಟು" ಅಂದ್ರು. ಮರ್ಯಾದೆ ಹೋಯ್ತು.

ತಂಬೂರಿ ಕೇಳಿದ್ದು ಆ ಸ್ಟ್ಯಾಕ್ಸ್‌ನಲ್ಲೇ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಜೀವಾಳದ ನೂಲು ಇಡ್ತಾರಲ್ಲ, ಆ ನೂಲಿನಿಂದಾಗಿ ತಂತಿ ಕುದುರೆಯನ್ನ ಸವರಿಕೊಂಡು ಮಿಡಿದು ಮೇಲಿನ ಹಾರ್ಮೋನಿಕ್‌ಗಳೆಲ್ಲ ಏಳ್ತವೆ. ಹೆಡ್‌ಫೋನಿನ ಮೇಲ್ಭಾಗದ ಫ್ರೀಕ್ವೆನ್ಸಿ ಹೇಗಿದೆ ಅಂತ ನೋಡೋಕೆ ಇದಕ್ಕಿಂತ ಒಳ್ಳೆ ಪರೀಕ್ಷೆ ನನಗೆ ಸಿಗಲಿಲ್ಲ. ಅಲ್ಲಿ ಎಲ್ಲರೂ ಅದೇ ನಾಲ್ಕೈದು ಇಂಗ್ಲಿಷ್ ಹಾಡು ಹಾಕ್ತಾರೆ. ನಾನು ಫೋನಿನಲ್ಲಿ ತಂಬೂರಿ ಹಾಕಿದಾಗ ಮೇಜಿನ ಆಚೆ ಇದ್ದ ಜಪಾನೀ ಮುದುಕರು ತಾವೂ ಹಾಕಿಕೊಂಡು ಪೂರ್ತಿ ಮೂರು ನಿಮಿಷ ಕೇಳಿ ತಲೆ ಬಾಗಿಸಿದರು.

ನಾಲ್ಕನೇ ಜಾತಿ ಬ್ಯಾಲೆನ್ಸ್ಡ್ ಆರ್ಮೇಚರ್. ಕಿವಿಯೊಳಗೆ ತೂರಿಸೋ ಇಯರ್‌ಫೋನುಗಳಲ್ಲಿರೋದು. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡ ಲೋಹದ ಡಬ್ಬಿ, ಒಳಗೆ ಎರಡು ಆಯಸ್ಕಾಂತದ ಮಧ್ಯೆ ತೂಗೋ ಒಂದು ಕಬ್ಬಿಣದ ನಾಲಿಗೆ. ಒಂದು ಇಯರ್‌ಫೋನಿನಲ್ಲಿ ಇಂಥವು ಆರು, ಎಂಟು, ಹತ್ತು ತುಂಬಿ ಲಕ್ಷಾಂತರ ರೂಪಾಯಿಗೆ ಮಾರ್ತಾರೆ. ತಮಾಷೆ ಅಂದ್ರೆ ಇದು ಸಂಗೀತಕ್ಕೆ ಅಂತ ಬೆಳೆದ ವಸ್ತುವೇ ಅಲ್ಲ. ಅಮೆರಿಕದ ನೋಲ್ಸ್ ಕಂಪನಿ ಇವನ್ನ ಹಿಯರಿಂಗ್ ಏಡ್‌ಗಳಿಗೆ ಅಂತ ಮಾಡ್ತಿತ್ತು. 1991ರಲ್ಲಿ ಎಟಿಮೋಟಿಕ್ ಅನ್ನೋ ಕಂಪನಿ ಅದನ್ನ ಇಟ್ಟು ಇಆರ್-4 ಅನ್ನೋ ಇಯರ್‌ಫೋನ್ ತಂತು. ಆಮೇಲೆ ಸ್ಟೇಜಿನ ಮೇಲೆ ಹಾಡೋರು ಕಿವಿಯಲ್ಲಿ ಇಟ್ಟುಕೊಳ್ಳೋ ಮಾನಿಟರುಗಳಿಗೂ ಅದೇ ಬಂತು. ಕಿವಿ ಕೇಳದವರಿಗೆ ಮಾಡಿದ ಪುಟ್ಟ ಡಬ್ಬಿ, ಕಿವಿ ಚೆನ್ನಾಗಿ ಕೇಳೋರ ಚಟವಾಗಿ ಕೂತಿದೆ.

ಇನ್ನು ಆಂಪ್ಲಿಫೈಯರ್ ವಿಷಯ. 'ಈ ಹೆಡ್‌ಫೋನಿಗೆ ದೊಡ್ಡ ಆಂಪ್ ಬೇಕು' ಅನ್ನೋ ಮಾತು ಹಾಲಿನಲ್ಲಿ ಎಲ್ಲಿ ನಿಂತ್ರೂ ಕಿವಿಗೆ ಬೀಳುತ್ತೆ. ಲೆಕ್ಕ ಸುಲಭ. ಫೋನಿಗೆ ಹಾಕೋ ಸಣ್ಣ ಡಾಂಗಲ್ 1 ವೋಲ್ಟ್ ಕೊಡುತ್ತೆ ಅಂತ ಇಟ್ಕೊಳ್ಳಿ. ವಿ ಸ್ಕ್ವೇರ್ ಬೈ ಆರ್. 32 ಓಮ್ ಹೆಡ್‌ಫೋನಿಗೆ 31 ಮಿಲಿವ್ಯಾಟ್ ಸಿಗುತ್ತೆ. ಸೆನ್‌ಹೈಸರ್ ಎಚ್‌ಡಿ 600 ಥರದ 300 ಓಮಿನದಕ್ಕೆ 3.3 ಮಿಲಿವ್ಯಾಟ್, ಅಂದ್ರೆ ಸುಮಾರು 10 ಡೆಸಿಬೆಲ್ ಕಮ್ಮಿ ಪವರ್. ಸಾಲದೇ ಹೋದರೆ ವೋಲ್ಟೇಜ್ ಜಾಸ್ತಿ ಕೊಡೋ ಆಂಪ್ ಬೇಕು. ಸಾಕಾದ ಮೇಲೆ ಇನ್ನೂ ದೊಡ್ಡದು ಯಾಕೆ ಅಂತ ಕೇಳಿದ್ರೆ ಅಲ್ಲಿ ನಿಮ್ಮನ್ನ ವಿಚಿತ್ರವಾಗಿ ನೋಡ್ತಾರೆ.

ಅಣ್ಣ ಬ್ಯಾಗಿನಿಂದ ಒಂದು ಸಣ್ಣ ಮಲ್ಟಿಮೀಟರ್ ತೆಗೆದದ್ದು ಆಗಲೇ. ಒಂದು ಮೇಜಿನಲ್ಲಿ ಎರಡು ಆಂಪ್ ಪಕ್ಕ ಪಕ್ಕ ಇದ್ವು, ಒಂದರ ಬೆಲೆ ಇನ್ನೊಂದರ ಎಂಟು ಪಟ್ಟು. ದುಬಾರಿಯದು ನನಗೆ ಸ್ಪಷ್ಟವಾಗಿ ಚೆನ್ನಾಗಿ ಕೇಳಿಸ್ತು, ಕೆಳಗಿನ ಮೃದಂಗ ಗಟ್ಟಿ, ಮೇಲಿನ ತಂತಿ ಹೊಳಪು. ಮೇಜಿನವರ ಒಪ್ಪಿಗೆ ತಗೊಂಡು 100 ಹರ್ಟ್ಸ್ ಟೋನ್ ಹಾಕಿ ಅಳೆದರೆ ಒಂದರಲ್ಲಿ 0.90 ವೋಲ್ಟ್, ದುಬಾರಿಯದರಲ್ಲಿ 1.00 ವೋಲ್ಟ್. ಸುಮಾರು 0.9 ಡೆಸಿಬೆಲ್ ವ್ಯತ್ಯಾಸ. 'ಜೋರಾಗಿದೆ' ಅಂತ ಗೊತ್ತಾಗೋಷ್ಟು ಅಲ್ಲ, ಆದರೆ 'ಚೆನ್ನಾಗಿದೆ' ಅನ್ನಿಸೋಕೆ ಸಾಕು. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದು ಇದರ ಬುಡ: ಸದ್ದು ಕಮ್ಮಿ ಆದಷ್ಟೂ ನಮ್ಮ ಕಿವಿಗೆ ಮಂದ್ರ ಬೇಗ ಮರೆಯಾಗುತ್ತೆ, ಜೋರು ಮಾಡಿದಷ್ಟೂ ತುಂಬಿ ಬರುತ್ತೆ. ಎರಡನ್ನೂ 1.00 ವೋಲ್ಟಿಗೆ ಕೂರಿಸಿ, ನನ್ನನ್ನ ಬೆನ್ನು ತಿರುಗಿಸಿ ಕೂರಿಸಿ, ಅಣ್ಣ ಹತ್ತು ಸಲ ಬದಲಾಯಿಸಿದರು. ಹತ್ತರಲ್ಲಿ ಐದು ಸರಿ ಹೇಳಿದೆ. ನಾಣ್ಯ ಚಿಮ್ಮಿದ್ರೂ ಅಷ್ಟೇ ಬರ್ತಿತ್ತು. ಹತ್ತು ಸಲದ ಪರೀಕ್ಷೆಯಿಂದ ದೊಡ್ಡ ತೀರ್ಮಾನ ಮಾಡೋಕಾಗಲ್ಲ, ಒಪ್ತೀನಿ. ಆದರೆ ನನ್ನ ಜೇಬಿನ ಮಟ್ಟಿಗೆ ತೀರ್ಮಾನ ಆಗಿಹೋಯ್ತು.

ಹೆಡ್‌ಫೋನುಗಳ ಮಧ್ಯೆ ಹಾಗಲ್ಲ. ಅವುಗಳ ವ್ಯತ್ಯಾಸ ನಿಜ, ಕಣ್ಣು ಮುಚ್ಚಿದ್ರೂ ಗೊತ್ತಾಗುತ್ತೆ, ಯಾಕಂದ್ರೆ ಒಂದೊಂದರ ಫ್ರೀಕ್ವೆನ್ಸಿ ರೆಸ್ಪಾನ್ಸ್ ಒಂದೊಂದು ಥರ. ಆದರೆ ಬೆಲೆಗೂ ಅದಕ್ಕೂ ನಂಟು ಕಮ್ಮಿ. 2017ರಲ್ಲಿ ಜೆರೋನ್ ಬ್ರೀಬಾರ್ಟ್ ಅನ್ನೋರು 283 ಹೆಡ್‌ಫೋನುಗಳ ಅಳತೆ ತಗೊಂಡು ಬೆಲೆ ಜೊತೆ ಹೋಲಿಸಿದರು. ರೆಸ್ಪಾನ್ಸಿಗೂ ಬೆಲೆಗೂ ಸಂಬಂಧ ಕಾಣಲಿಲ್ಲ. ಹಾಗಾದ್ರೆ ಒಳ್ಳೆ ರೆಸ್ಪಾನ್ಸ್ ಅಂದ್ರೆ ಯಾವುದು? ಹರ್ಮನ್ ಕಂಪನಿಯ ಶಾನ್ ಆಲಿವ್, ಟಾಡ್ ವೆಲ್ಟಿ ಮತ್ತವರ ಜೊತೆಗಾರರು ಜನರನ್ನ ಕೂರಿಸಿ ಕೇಳಿಸಿ ಕಂಡುಕೊಂಡದ್ದು ಇದು: ಒಳ್ಳೆ ಕೋಣೆಯಲ್ಲಿ ಒಳ್ಳೆ ಸ್ಪೀಕರ್ ಇಟ್ಟರೆ ಕಿವಿ ತಮಟೆಗೆ ಹೇಗೆ ತಲುಪುತ್ತೋ, ಹೆಡ್‌ಫೋನೂ ಹೆಚ್ಚು ಕಮ್ಮಿ ಹಾಗೇ ತಲುಪಿಸಿದರೆ ಬಹಳಷ್ಟು ಜನಕ್ಕೆ ಇಷ್ಟ. ಆ ಗೆರೆಯಲ್ಲಿ 3 ಕಿಲೋಹರ್ಟ್ಸ್ ಹತ್ತಿರ ಒಂದು ದೊಡ್ಡ ಗುಡ್ಡ ಇರುತ್ತೆ.

ಆ ಗುಡ್ಡ ಎಲ್ಲಿಂದ ಬಂತು ಅಂತ ನನಗೆ ಹೇಳಿದ್ದು ಒಬ್ಬ ವಯಸ್ಸಾದ ಆಡಿಯಾಲಜಿಸ್ಟ್. ಕಿವಿಯ ಅಚ್ಚು ತೆಗೆದು ಇಯರ್‌ಫೋನ್ ಮಾಡಿಕೊಡೋ ಮೇಜಿನಲ್ಲಿ ಕೂತಿದ್ದರು. ನಾನು "ಅಪ್ಪನಿಗೆ ವೀಣೆ ಕೇಳೋಕೆ, 25 ಸಾವಿರದೊಳಗೆ" ಅಂತ ಶುರು ಮಾಡಿ ಪವರ್‌ಲೂಮ್ ಕಥೆ ಹೇಳಿದೆ. ಅವರು ಮಾರೋ ಮಾತು ಬಿಟ್ಟು ಒಂದು ಕಾಗದ ತಗೊಂಡು ಗೆರೆ ಎಳೆದರು. ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಒಂದು ಕೊಳವೆ, ಒಂದು ಬದಿ ಮುಚ್ಚಿದೆ. ಪಿಯುಸಿಯಲ್ಲಿ ಓದಿದ ರೆಸೊನೆನ್ಸ್ ಕೊಳವೆಯೇ ಇದು. ಸದ್ದಿನ ವೇಗ 343 ಮೀಟರನ್ನ ನಾಲ್ಕು ಪಟ್ಟು ಉದ್ದದಿಂದ ಭಾಗಿಸಿ: ಸುಮಾರು 3400 ಹರ್ಟ್ಸ್. ಅಂದ್ರೆ ಆ ಆಸುಪಾಸಿನ ಸದ್ದನ್ನ ನಮ್ಮ ಕಿವಿಯೇ ಹತ್ತು ಹದಿನೈದು ಡೆಸಿಬೆಲ್ ಹೆಚ್ಚಿಸಿ ಒಳಗೆ ಕಳಿಸುತ್ತೆ. ಮಗು ಅಳೋದು, ಮಾತಿನ ವ್ಯಂಜನಗಳು ಕಿವಿಗೆ ಚುರುಕಾಗಿ ತಾಗೋದರಲ್ಲಿ ಇದರ ಪಾಲೂ ಇದೆ.

"ಇದೇ ಕಾರಣಕ್ಕೆ ಕಾರ್ಖಾನೆ ಸದ್ದೂ ಅಲ್ಲೇ ಜೋರಾಗಿ ಹೊಡೆಯುತ್ತೆ" ಅಂತ ಅವರು ಮುಂದುವರಿಸಿದರು. ಒಳಗಿವಿಯಲ್ಲಿ ಪೆಟ್ಟು ಬೀಳೋದು ಹೆಚ್ಚಿಸಿದ ಜಾಗಕ್ಕಿಂತ ಅರ್ಧ ಆಕ್ಟೇವ್ ಮೇಲೆ, ಅಂದ್ರೆ 4 ಕಿಲೋಹರ್ಟ್ಸ್ ಸುತ್ತ. ಅಲ್ಲಿನ ಕೂದಲು ಕೋಶಗಳು ಒಮ್ಮೆ ಹೋದರೆ ಮನುಷ್ಯರಲ್ಲಿ ಮತ್ತೆ ಬೆಳೆಯಲ್ಲ. ಅದಕ್ಕೇ ಸದ್ದಿನಿಂದ ಕಿವಿ ಕೆಟ್ಟವರ ಆಡಿಯೋಗ್ರಾಮ್‌ನಲ್ಲಿ 4 ಕಿಲೋಹರ್ಟ್ಸ್ ಹತ್ತಿರ ಹಳ್ಳ ಬಿದ್ದಿರುತ್ತೆ. 'ಸ', 'ಶ', 'ತ' ಥರದ ಅಕ್ಷರಗಳ ಶಕ್ತಿ ಇರೋದು ಮೇಲಿನ ಕಡೆಯೇ. ಅಂಥವರಿಗೆ ಯಾರೋ ಮಾತಾಡ್ತಿದ್ದಾರೆ ಅಂತ ಕೇಳುತ್ತೆ, ಏನು ಅಂತ ಕೇಳಲ್ಲ. ವೀಣೆಯ ತಂತಿ ಮೀಟಿದ ಕ್ಷಣದ ಹೊಳಪು ಇರೋದೂ ಅಲ್ಲೇ. ನಮ್ಮಪ್ಪನ ರೇಡಿಯೋ ಚೆನ್ನಾಗೇ ಇತ್ತು.

ನನ್ನ ಮುಂದಿನ ಪ್ರಶ್ನೆ ಇಂಜಿನಿಯರಿಂಗ್ ಹುಡುಗನದೇ: ಹಾಗಾದ್ರೆ ಈಕ್ವಲೈಜರ್ ಹಾಕಿ 4 ಕಿಲೋಹರ್ಟ್ಸ್ ಅನ್ನ 40 ಡೆಸಿಬೆಲ್ ಎತ್ತಿದರೆ ಆಯ್ತಲ್ಲ? ಆಗಲ್ಲ. ಕೆಟ್ಟ ಕಿವಿಗೆ ಸಣ್ಣ ಸದ್ದು ಕೇಳಲ್ಲ, ಆದರೆ ದೊಡ್ಡ ಸದ್ದು ನಮ್ಮಷ್ಟೇ ದೊಡ್ಡದಾಗಿ ಕೇಳುತ್ತೆ. 'ಜೋರಾಗಿ ಹೇಳೋ' ಅಂತಾರೆ, ಜೋರಾಗಿ ಹೇಳಿದ್ರೆ 'ಯಾಕೋ ಕಿರುಚ್ತೀಯ' ಅಂತಾರೆ. ಅಜ್ಜಿ ತಾತ ಇರೋ ಮನೇಲಿ ಇದನ್ನ ನೋಡಿರ್ತೀರ. ಅದಕ್ಕೇ ಹಿಯರಿಂಗ್ ಏಡ್ ಸಣ್ಣ ಸದ್ದನ್ನ ಹೆಚ್ಚು ಎತ್ತಿ, ದೊಡ್ಡದನ್ನ ಕಮ್ಮಿ ಎತ್ತುತ್ತೆ, ಅದೂ ಫ್ರೀಕ್ವೆನ್ಸಿಯನ್ನ ತುಂಡು ತುಂಡಾಗಿ ಕತ್ತರಿಸಿ ಒಂದೊಂದಕ್ಕೆ ಬೇರೆ ಬೇರೆ ಲೆಕ್ಕ. ನಷ್ಟ ಎಷ್ಟಿದೆಯೋ ಅದರ ಅರ್ಧದಷ್ಟು ಎತ್ತೋದು ಹಳೆಯ ಹೆಬ್ಬೆರಳ ಲೆಕ್ಕ. ಒಳ್ಳೆ ಹೆಡ್‌ಫೋನ್ ಹಾಕಿದ್ರೆ ಅಪ್ಪ ಮಾಡೋದು ಒಂದೇ: ವಾಲ್ಯೂಮ್ ಜಾಸ್ತಿ. ಆಗ ಇನ್ನೂ ಚೆನ್ನಾಗಿರೋ ಕೆಳಗಿನ ಫ್ರೀಕ್ವೆನ್ಸಿಗಳ ಮೇಲೂ ಹೊಡೆತ.

ಆಮೇಲೆ ಅವರು ನನ್ನ ಕಡೆ ತಿರುಗಿ, "ನೀನು ದಿನಕ್ಕೆ ಎಷ್ಟು ಹೊತ್ತು ಹಾಕ್ಕೊಳ್ತೀಯ?" ಅಂದ್ರು. ಸುಳ್ಳು ಹೇಳಿದೆ, ಎರಡು ಗಂಟೆ ಅಂತ.

ಲೆಕ್ಕ ಇಲ್ಲಿದೆ, ನೀವೇ ಹಾಕಿಕೊಳ್ಳಿ. ಅಮೆರಿಕದ ನಿಯೋಶ್ ಸಂಸ್ಥೆಯ ಶಿಫಾರಸು 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಾಗ ಹೊತ್ತು ಅರ್ಧ ಆಗುತ್ತೆ: 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ಹೆಡ್‌ಫೋನಿಗೆ ಹೇಳೋದು 80 ಡೆಸಿಬೆಲ್, ವಾರಕ್ಕೆ 40 ಗಂಟೆ. ನಮ್ಮ ದೇಶದ ಕಾರ್ಖಾನೆ ನಿಯಮದಲ್ಲಿ 8 ಗಂಟೆಗೆ 90 ಡೆಸಿಬೆಲ್ ತನಕ ಬಿಟ್ಟಿದ್ದಾರೆ. ನಿಯೋಶ್ ಲೆಕ್ಕದಲ್ಲಿ ಅದು ಮೂರು ಪಟ್ಟಿಗಿಂತ ಹೆಚ್ಚು ಡೋಸ್. ಅಪ್ಪ ದುಡಿದ ಶೆಡ್ಡಿನಲ್ಲಿ ಅಳೆಯೋಕೆ ಮೀಟರೂ ಇರಲಿಲ್ಲ, ಕಿವಿಗೆ ಹಾಕೋಕೆ ಪ್ಲಗ್ಗೂ ಇರಲಿಲ್ಲ. ಕೆಲವರು ಹತ್ತಿ ತುರುಕಿಕೊಳ್ತಿದ್ರು, ಅದರಿಂದ ಏನೂ ತಡೆಯಲ್ಲ ಅಂದ್ರೂ ತಪ್ಪಿಲ್ಲ.

ಈಗ ಆ 74 ಡೆಸಿಬೆಲ್‌ಗೆ ಬನ್ನಿ. ಹಾಲಿನಲ್ಲಿ ಮುಕ್ಕಾಲು ಪಾಲು ದುಬಾರಿ ಹೆಡ್‌ಫೋನುಗಳು ಓಪನ್ ಬ್ಯಾಕ್, ಅಂದ್ರೆ ಹಿಂಬದಿ ಜಾಲರಿ. 1968ರ ಸೆನ್‌ಹೈಸರ್ ಎಚ್‌ಡಿ 414ರಿಂದ ಜನಪ್ರಿಯವಾದ ವಿನ್ಯಾಸ. ಸದ್ದು ಡಬ್ಬದಲ್ಲಿ ಕೂಗಿದ ಹಾಗಿರಲ್ಲ, ತೆರೆದ ಜಾಗದಲ್ಲಿದ್ದ ಹಾಗಿರುತ್ತೆ. ಆದರೆ ಹೊರಗಿನ ಗಲಾಟೆ ತಡೆಯೋಕೆ ಏನೂ ಇಲ್ಲ. 74ರ ಗಲಾಟೆಯ ಮೇಲೆ ಸಂಗೀತದ ಸೂಕ್ಷ್ಮ ಕೇಳಬೇಕು ಅಂದ್ರೆ ಗೊತ್ತಿಲ್ಲದೇ 85, 90ಕ್ಕೆ ಏರಿಸಿರ್ತೀವಿ. ಬಸ್ಸಿನಲ್ಲಿ ಇಯರ್‌ಫೋನ್ ಹಾಕ್ಕೊಂಡಾಗ ಆಗೋದೂ ಇದೇ. ಅದಕ್ಕೆ ಎರಡನೇ ದಿನ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋದೆವು. ಗಲಾಟೆ ಕಮ್ಮಿ, ಮೇಜಿನವರಿಗೂ ಮಾತಾಡೋಕೆ ಪುರುಸೊತ್ತು. ನೀವು ಯಾವತ್ತಾದ್ರೂ ಇಂಥ ಮೇಳಕ್ಕೆ ಹೋದರೆ ಇದೊಂದು ಪಾಲಿಸಿ. ನಿಮಗೆ ಬಾಯಿಪಾಠ ಇರೋ ಮೂರು ನಾಲ್ಕು ರೆಕಾರ್ಡಿಂಗ್ ಫೋನಿನಲ್ಲಿ ಇಳಿಸಿಕೊಂಡಿರಿ, ಹೋಟೆಲಿನ ವೈಫೈ ನಂಬಬೇಡಿ. 3.5 ಮಿಲಿಮೀಟರ್ ಪಿನ್ನಿಗೆ 6.35ರ ಅಡಾಪ್ಟರ್ ಇರಲಿ. ಕಿವಿಯೊಳಗೆ ಹಾಕೋ ರಬ್ಬರ್ ತುದಿಗಳು ನಿಮ್ಮವೇ ಇರಲಿ, ಇನ್ನೂರು ಜನರ ಕಿವಿಗೆ ಹೋಗಿ ಬಂದದ್ದು ನಿಮಗೆ ಬೇಡ. ಎದ್ದು ಹೋಗುವಾಗ ವಾಲ್ಯೂಮ್ ಸೊನ್ನೆಗೆ ಇಳಿಸಿ. ಹಿಂದಿನವನು ಇಳಿಸದೇ ಹೋಗಿದ್ದಕ್ಕೆ ನಾನು ಒಂದು ಸಲ ಬೆಚ್ಚಿ ಕುರ್ಚಿ ಬೀಳಿಸಿದೆ.

ಎರಡು ದಿನ ಮುಗಿದಾಗ ನಾನು ಕೊಂಡದ್ದು ಒಂದೇ ಒಂದು ಇಯರ್‌ಫೋನು, ಸುಮಾರು 1800 ರೂಪಾಯಿಯದು, ಸಿಂಗಲ್ ಡೈನಾಮಿಕ್ ಡ್ರೈವರ್. ಹೊರಗಿನ ಸದ್ದನ್ನ ಚೆನ್ನಾಗಿ ಮುಚ್ಚುತ್ತೆ, ಹಾಗಾಗಿ ಕಮ್ಮಿ ವಾಲ್ಯೂಮ್‌ನಲ್ಲಿ ಕೇಳಬಹುದು ಅನ್ನೋದೇ ಅದನ್ನ ಆರಿಸಿದ ಕಾರಣ.

ಸೆಮಿಸ್ಟರ್ ಮುಗಿದು ಬಂದ ಮೇಲೆ ಅಪ್ಪನನ್ನ ಮೈಸೂರಿಗೆ ಕರ್ಕೊಂಡು ಹೋದೆ. ಮಾನಸಗಂಗೋತ್ರಿ ಹತ್ತಿರ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ಆಯಿಷ್ ಅಂತಾರೆ, 1960ರ ದಶಕದಿಂದ ಇರೋದು. ಆಡಿಯಾಲಜಿ ಓದಿಸೋದೂ ಅಲ್ಲೇ, ಪರೀಕ್ಷೆ ಮಾಡೋದೂ ಅಲ್ಲೇ. "ನಂಗೇನಾಗಿದೆ, ಚೆನ್ನಾಗೇ ಕೇಳ್ತದೆ" ಅಂತ ಅಪ್ಪ ದಾರಿಯುದ್ದಕ್ಕೂ ಗೊಣಗಿದರು. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಬೀಪ್ ಕೇಳಿದಾಗೆಲ್ಲ ಬಟನ್ ಒತ್ತೋಕೆ ಹೇಳಿದರು. ಗಾಜಿನ ಈಚೆಯಿಂದ ನೋಡ್ತಿದ್ದೆ. ತುಂಬ ಹೊತ್ತು ಬಟನ್ ಒತ್ತಲೇ ಇಲ್ಲ, ಸುಮ್ಮನೆ ಗೋಡೆ ನೋಡ್ತಾ ಕೂತಿದ್ದರು. ಬೀಪ್ ಬರ್ತಾನೇ ಇತ್ತು.

ಕಾಗದ ಬಂತು. 1 ಕಿಲೋಹರ್ಟ್ಸ್ ತನಕ 25 ಡೆಸಿಬೆಲ್ ಹತ್ತಿರ, 4 ಕಿಲೋಹರ್ಟ್ಸ್‌ನಲ್ಲಿ 65. ಸಿಂಗಾಪುರದ ಆ ಮುದುಕರು ಕಾಗದದ ಮೇಲೆ ಎಳೆದ ಹಳ್ಳವೇ. ಬಂದದ್ದು ಬಂದೆ ಅಂತ ನಾನೂ ಪರೀಕ್ಷೆ ಮಾಡಿಸಿಕೊಂಡೆ. ನನ್ನದರಲ್ಲೂ 6 ಕಿಲೋಹರ್ಟ್ಸ್ ಹತ್ತಿರ ಒಂದು ಸಣ್ಣ ತಗ್ಗು ಇದೆ. ನಾರ್ಮಲ್ ಮಿತಿಯೊಳಗೇ ಇದೆ, ಆದರೆ ಮುಂದಿನ ವರ್ಷ ಮತ್ತೆ ಬಾ ಅಂದರು. ನಾಲ್ಕು ವರ್ಷದ ಹಾಸ್ಟೆಲ್ ಗೇಮಿಂಗ್ ಅದಕ್ಕೆ ಕಾರಣವೋ ಅಲ್ಲವೋ ಅಂತ ಒಂದೇ ಪರೀಕ್ಷೆಯಿಂದ ಹೇಳೋಕಾಗಲ್ಲವಂತೆ. ಈಗ ನನ್ನ ಫೋನಿನ ವಾಲ್ಯೂಮಿಗೆ ಮಿತಿ ಹಾಕಿಟ್ಟಿದ್ದೀನಿ.

ಉಳಿದಿದ್ದ ದುಡ್ಡಿಗೆ ಅಮ್ಮನ ಚೀಟಿ ದುಡ್ಡು ಸ್ವಲ್ಪ ಸೇರಿ ಅಪ್ಪನಿಗೆ ಒಂದು ಜೊತೆ ಹಿಯರಿಂಗ್ ಏಡ್ ಬಂತು. ಒಳಗಿರೋದು ಬ್ಯಾಲೆನ್ಸ್ಡ್ ಆರ್ಮೇಚರೇ. ಮೊದಲ ವಾರ ಪಾತ್ರೆ ಸದ್ದಿಗೆ, ಪೇಪರ್ ಮಡಿಚೋ ಸದ್ದಿಗೆ ಸಿಡುಕಿ ಎರಡು ಸಲ ತೆಗೆದು ಬೀರುವಿನಲ್ಲಿಟ್ಟರು. ಇದು ಎಲ್ಲರಿಗೂ ಆಗುತ್ತಂತೆ, ಮಿದುಳಿಗೆ ಅಭ್ಯಾಸ ಆಗೋಕೆ ವಾರಗಟ್ಟಲೆ ಬೇಕು. ಮೂರನೇ ವಾರ ಒಂದು ಬೆಳಿಗ್ಗೆ ರೇಡಿಯೋ ಹಾಕಿಕೊಂಡು ಕೂತಿದ್ದರು, ವಾಲ್ಯೂಮ್ ನಾನು ಹಾಕೋಷ್ಟೇ ಇತ್ತು. ವೀಣೆ ಬರ್ತಿತ್ತು. ಮುಗಿದ ಮೇಲೆ ಏಡ್ ಕಿವಿಯಿಂದ ತೆಗೆದು ಅಂಗೈಯಲ್ಲಿಟ್ಟು ನೋಡಿ, "ಇಷ್ಟು ಚಿಕ್ಕದಕ್ಕೆ ಎಷ್ಟು ಕೊಟ್ಯೋ?" ಅಂದ್ರು. ನಾನು ಅರ್ಧ ಬೆಲೆ ಹೇಳಿದೆ. ಅದಕ್ಕೂ "ಜಾಸ್ತಿ ಆಯ್ತು" ಅಂದ್ರು.